ಸಮುದ್ರ ಕಾಣೋ ಮನೆ ಬೇಡ, ಮಳೆ ತಡೆಯೋ ಮನೆ ಕೊಡಿ

ಬೆಂಗಳೂರಿಂದ ಮಂಗಳೂರಿಗೆ ವರ್ಗ ಆಯ್ತು ಅಂದಾಗ ಫ್ರೆಂಡ್ಸೆಲ್ಲ ಕೇಳಿದ್ದು ಒಂದೇ: ‘ಬೀಚ್ ಪಕ್ಕ ಮನೆ ಮಾಡ್ತೀಯಾ?’ ನನ್ನ ಲೆಕ್ಕ ಬೇರೆ ಇತ್ತು. ಬಾಡಿಗೆಗೆ ಅಂತ ಎತ್ತಿಡಬಹುದಾಗಿದ್ದು ತಿಂಗಳಿಗೆ 12 ಸಾವಿರ ರೂಪಾಯಿ. ಜೊತೆಗೆ ಚಿತ್ರದುರ್ಗದಿಂದ ಅಮ್ಮ ಬರುವವರಿದ್ದರು. ಅಮ್ಮನಿಗೆ ಅಸ್ತಮಾ. ಹುಟ್ಟಿದಾಗಿನಿಂದ ಒಣ ಹವೆಯಲ್ಲೇ ಇದ್ದವರು. ಚಿತ್ರದುರ್ಗದಲ್ಲಿ ಇಡೀ ವರ್ಷ ಬೀಳುವುದಕ್ಕಿಂತ ಹೆಚ್ಚು ಮಳೆ ಮಂಗಳೂರಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುತ್ತದೆ. ಹಾಗಾಗಿ ನನಗೆ ಬೇಕಿದ್ದದ್ದು ಬರೀ ಅಗ್ಗದ ಮನೆಯಲ್ಲ, ಮಳೆಗಾಲದಲ್ಲೂ ಒಣಗಿರುವ ಮನೆ.

ಹುಡುಕಾಟ ಶುರುವಾಗಿದ್ದು ಏಪ್ರಿಲ್‌ನಲ್ಲಿ. ಆಫೀಸು ಲಾಲ್‌ಬಾಗ್ ಹತ್ತಿರ (ಹೌದು, ಮಂಗಳೂರಲ್ಲೂ ಒಂದು ಲಾಲ್‌ಬಾಗ್ ಇದೆ). ಪಕ್ಕದ ಕದ್ರಿ, ಬಿಜೈಗಳಲ್ಲಿ ನಾನು ನೋಡಿದ ಎರಡು ಬೆಡ್‌ರೂಮಿನ ಫ್ಲಾಟುಗಳೆಲ್ಲ ಬಜೆಟ್ ದಾಟಿದ್ದವು. ಮೆಡಿಕಲ್ ಕಾಲೇಜುಗಳಿರುವ ದೇರಳಕಟ್ಟೆಯಲ್ಲಿ ವಿಚಾರಿಸಿದರೆ, ನಾಲ್ಕು ವಿದ್ಯಾರ್ಥಿಗಳು ಸೇರಿ ಕೊಡುವ ಬಾಡಿಗೆಯನ್ನೇ ನನ್ನೊಬ್ಬನಿಂದ ಕೇಳಿದರು.

ನೇತ್ರಾವತಿ ಸೇತುವೆ ದಾಟಿ ಉಳ್ಳಾಲದ ಕಡೆ ಹೋದಾಗ 9,500ಕ್ಕೆ ಒಂದು ಫ್ಲಾಟ್ ಸಿಕ್ಕಿತು. ಟಾಪ್ ಫ್ಲೋರ್, ಪಶ್ಚಿಮಕ್ಕೆ ಬಾಲ್ಕನಿ, ತೆಂಗಿನ ಮರಗಳಾಚೆ ಸಮುದ್ರ. ‘ಈ ರೇಟಿಗೆ ಈ ವ್ಯೂ ಬೇರೆ ಕಡೆ ಇಲ್ಲ ಮಾರಾಯ್ರೇ’ ಅಂದರು ಬ್ರೋಕರ್. ನಿಜವೇ. ಆದರೆ ಕಿಟಕಿ ಗ್ರಿಲ್ ಮುಟ್ಟಿದರೆ ಕೈಗೆ ತುಕ್ಕು ಬಂತು. ಗೋಡೆಗೆ ಹೊಸ ಪೇಂಟ್ ಇತ್ತು, ಕಪಾಟಿನ ಬಾಗಿಲು ತೆಗೆದರೆ ಹಳೆಯ ಬೂಷ್ಟಿನ ವಾಸನೆ. ಟೆರೇಸ್ ಹತ್ತಿ ನೋಡಿದೆ. ಮೇಲೆ ಶೀಟಿಲ್ಲ, ಬರೀ ಕಾಂಕ್ರೀಟು.

ಘಟ್ಟದ ಮೇಲಿನವರು ಇದನ್ನು ತಿಳಿದಿರಬೇಕು. ಮಂಗಳೂರಿನ ಎಷ್ಟೋ ಕಟ್ಟಡಗಳ ನೆತ್ತಿಯ ಮೇಲೆ ಕಾಣುವ ಶೀಟಿನ ಮಾಡು ಚಂದಕ್ಕಲ್ಲ. ಮಳೆಗಾಲದಲ್ಲಿ ಸ್ಲ್ಯಾಬ್ ನೀರು ಕುಡಿಯದಂತೆ, ಬೇಸಿಗೆಯಲ್ಲಿ ಕಾಯದಂತೆ ತಡೆಯುವುದು ಅದೇ. ಜೂನ್ ನಂತರ ಬಟ್ಟೆ ಒಣಗುವುದೂ ಅದರಡಿಯಲ್ಲೇ. ಮುಂಗಾರು ಬರುವುದು ಅರಬ್ಬಿ ಸಮುದ್ರದ ಕಡೆಯಿಂದ. ಅಂದರೆ ಸಮುದ್ರ ಕಾಣುವ ಗೋಡೆಯೇ ಮೊದಲು ನೆನೆಯುವ ಗೋಡೆ.

ಇನ್ನೊಂದು, ನೀರು. ಇಷ್ಟು ಮಳೆಯ ಊರಲ್ಲಿ ನೀರಿನ ಚಿಂತೆಯಾ ಅನ್ನಬೇಡಿ. ನಗರಕ್ಕೆ ಕುಡಿಯುವ ನೀರು ಬರುವುದು ನೇತ್ರಾವತಿಗೆ ಕಟ್ಟಿದ ತುಂಬೆ ಅಣೆಕಟ್ಟಿನಿಂದ. 2019ರ ಬೇಸಿಗೆಯಲ್ಲಿ ಅಲ್ಲಿ ನೀರು ಕಡಿಮೆಯಾಗಿ ಊರಿಗೆ ಸರದಿ ಪ್ರಕಾರ ಬಿಡಬೇಕಾಯಿತು. ಕಡಲಿಗೆ ಹತ್ತಿರದ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಅದಕ್ಕೇ ನಾನು ಓನರ್ ಹತ್ತಿರ ಮಾತಾಡುವ ಮೊದಲು ಪಕ್ಕದ ಮನೆಯವರನ್ನು ಕೇಳುತ್ತಿದ್ದೆ: ‘ಮೇ ತಿಂಗಳಲ್ಲಿ ಬಾವಿಯಲ್ಲಿ ನೀರುಂಟಾ?’

ಕೊನೆಗೆ ಮನೆ ಸಿಕ್ಕಿದ್ದು ಕುಲಶೇಖರದ ಒಂದು ಒಳರಸ್ತೆಯಲ್ಲಿ. ಸಮುದ್ರ ಬಿಡಿ, ಕಿಟಕಿಯಿಂದ ಕಾಣುವುದು ಹಲಸಿನ ಮರ ಮಾತ್ರ. ಮಹಡಿ ಮನೆ, ಮೇಲೆ ಶೀಟು, ಅಂಗಳದಲ್ಲಿ ಬಾವಿ, ಬಾಡಿಗೆ 11,500. ಕೆಳಗಿನ ಮನೆಯಲ್ಲಿ ವಯಸ್ಸಾದ ಓನರಮ್ಮ ಒಬ್ಬರೇ.

‘ಗೋಡೆ ಬೆವರ್ತದಾ ಅಮ್ಮ?’ ಅಂತ ಕೇಳಿದೆ.

‘ಆಟಿಯಲ್ಲಿ ಯಾರ ಮನೆ ಗೋಡೆ ಬೆವರುದಿಲ್ಲ ಹೇಳಿ? ಆದ್ರೆ ಸೋರುದಿಲ್ಲ. ನಿಮ್ಮ ತಾಯಿಗೆ ಮೂಡು ಬದಿಯ ಕೋಣೆ ಕೊಡಿ, ಅದು ಒಣಗಿರ್ತದೆ.’

ಅಡುಗೆಮನೆ ಮೂಲೆಯಲ್ಲಿ ಹಿಂದಿನ ಮಳೆಗಾಲದ ಕಲೆ ಹಾಗೇ ಇತ್ತು. ಅದರ ಮೇಲೆ ಪೇಂಟ್ ಬಳಿದು ಮುಚ್ಚಿರಲಿಲ್ಲ. ಅದನ್ನು ನೋಡಿದ ಮೇಲೆ ನನಗೆ ಧೈರ್ಯ ಬಂತು, ಅವತ್ತೇ ಅಡ್ವಾನ್ಸ್ ಕೊಟ್ಟೆ.

ಕರಾರು 11 ತಿಂಗಳದ್ದು. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕು, ಅದಕ್ಕೇ ಎಲ್ಲ ಕಡೆ ಈ 11ರ ಲೆಕ್ಕ. ಸಹಿ ಹಾಕುವ ಮೊದಲು ಎರಡು ವಿಷಯ ಖಚಿತ ಮಾಡಿಕೊಂಡೆ. ಒಂದು, ಸ್ಟೇಟ್‌ಬ್ಯಾಂಕಿನಿಂದ ನಮ್ಮ ಕಡೆಗೆ ರಾತ್ರಿ ಕೊನೆಯ ಬಸ್ ಎಷ್ಟು ಗಂಟೆಗೆ. ಇನ್ನೊಂದು, ಕರೆಂಟ್ ಮೀಟರಿನ ಆರ್‌ಆರ್ ನಂಬರ್. ಗೃಹಜ್ಯೋತಿಗೆ ಬಾಡಿಗೆದಾರರೂ ಅರ್ಜಿ ಹಾಕಬಹುದು.

ಜುಲೈ ಬಂತು. ಮೂಡು ಕೋಣೆಯಲ್ಲೂ ಅಮ್ಮನಿಗೆ ಇನ್‌ಹೇಲರ್ ಸ್ವಲ್ಪ ಜಾಸ್ತಿಯೇ ಬೇಕಾಯಿತು. ಆದರೆ ಆಸ್ಪತ್ರೆಗೆ ಓಡುವ ರಾತ್ರಿ ಒಂದೂ ಬರಲಿಲ್ಲ. ಆಟಿಯಲ್ಲಿ ಓನರಮ್ಮ ಪತ್ರೊಡೆ ಕಳಿಸಿದರು, ಅದೇ ಡಬ್ಬಿಯಲ್ಲಿ ಅಮ್ಮ ಶೇಂಗಾ ಚಟ್ನಿಪುಡಿ ತುಂಬಿ ವಾಪಸ್ ಕೊಟ್ಟರು. ಮಾರ್ಚ್‌ಗೆ ಕರಾರು ಮುಗಿಯುತ್ತದೆ. ‘ಐನೂರು ಜಾಸ್ತಿ ಮಾಡ್ಬೇಕಾದೀತು ಮಗಾ’ ಅಂದಿದ್ದಾರೆ. ನಾನು ಚೌಕಾಸಿ ಮಾಡುವುದಿಲ್ಲ.

ನೀವೂ ಕರಾವಳಿಯಲ್ಲಿ ಮನೆ ಹುಡುಕ್ತಿದ್ದರೆ, ಬಿಸಿಲಿನಲ್ಲಿ ಇಷ್ಟವಾದ ಮನೆಯನ್ನು ಆದರೆ ಒಂದು ಜೋರು ಮಳೆಯ ದಿನ ಇನ್ನೊಮ್ಮೆ ಹೋಗಿ ನೋಡಿ. ಕಪಾಟಿನ ಬಾಗಿಲು ತೆಗೆಯೋದು ಮರೀಬೇಡಿ.