ಮಿಗದ ಹಿಂದಣ ಮಣ್ಣು

ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗಳ ಸೀಮೆಯಲ್ಲಿ ಬೇಟೆಯೆಂಬುದು ನಮ್ಮ ಹಿರಿಯರ ಕಾಲಕ್ಕೆ ಕೇವಲ ವಿನೋದವಾಗಿರದೆ, ಗದ್ದೆಯ ಪೈರನ್ನು ಉಳಿಸಿಕೊಳ್ಳುವ ಉಪಾಯವೂ, ಊರವರೆಲ್ಲ ಒಂದುಗೂಡುವ ನೆಪವೂ ಆಗಿದ್ದಿತು. ಆ ಬೇಟೆ ನಿಂತುಹೋದುದಕ್ಕಾಗಿ ನನಗೆ ವ್ಯಥೆಯಿಲ್ಲ. ಕಡವೆಯೂ ಕಾಡುಕುರಿಯೂ ವರ್ಷದಿಂದ ವರ್ಷಕ್ಕೆ ವಿರಳವಾಗುತ್ತ ಬಂದುದನ್ನು ಕಣ್ಣಾರೆ ಕಂಡವನಾದುದರಿಂದ, ಅದು ನಿಂತುದೇ ಯುಕ್ತವೆಂದು ನಂಬಿದ್ದೇನೆ. ಆದರೆ ಬೇಟೆಯೊಡನೆ ಒಂದು ವಿವೇಕವೂ ನಮ್ಮ ಹಳ್ಳಿಗಳಿಂದ ಜಾರಿಹೋಯಿತು. ಕೋವಿಗಳು ಉಳಿದವು, ಆ ವಿವೇಕ ಉಳಿಯಲಿಲ್ಲ.

ಸುಗ್ಗಿ ಮುಗಿದು ಕಾಡಿನ ತರಗೆಲೆ ಒಣಗಿದ ಮೇಲೆ ನಡೆಯುತ್ತಿದ್ದ ದೊಡ್ಡ ಬೇಟೆಗಳಲ್ಲಿ, ಹಳುವಿನವರು ನಾಯಿಗಳೊಡನೆ ಕೂಗುತ್ತ, ಮರಮರಕ್ಕೆ ಬಡಿಯುತ್ತ ಕಣಿವೆಯ ಒಂದು ತುದಿಯಿಂದ ನುಗ್ಗಿ ಬರುವರು. ಕೋವಿಯವರು ಮತ್ತೊಂದು ತುದಿಯಲ್ಲಿ, ಮಿಗಗಳು ದಾಟುವ ಕಂಡಿಗಳಲ್ಲಿ, ಬಿಲ್ಲಿಗೆ, ಎಂದರೆ ಈಡು ಹೊಡೆಯಲು ಗೊತ್ತುಮಾಡಿದ ತಾವಿಗೆ, ನಿಂತಿರುವರು. ಯಾರು ಯಾವ ಬಿಲ್ಲಿಗೆ ನಿಲ್ಲತಕ್ಕದ್ದೆಂಬುದನ್ನು ನಿರ್ಣಯಿಸುತ್ತಿದ್ದವರು ನಮ್ಮ ದೊಡ್ಡಯ್ಯ. ಬೇಟೆಗೆ ಮುಂಚೆ ಅವರು ಆ ಕಾಡಿನ ಅಂಚನ್ನೆಲ್ಲ ಸುತ್ತಿ ಬರುತ್ತಿದ್ದುದು ಮಿಗದ ಹೆಜ್ಜೆಯನ್ನು ಹುಡುಕುವುದಕ್ಕೆಂದೇ ನಾನು ಬಾಲ್ಯದಲ್ಲಿ ಭಾವಿಸಿದ್ದೆನು. ಅವರು ನೋಡುತ್ತಿದ್ದುದು ನೆಲದ ಏರಿಳಿತವನ್ನು. ಹಾರಿದ ಗುಂಡು ಗುಡ್ಡದ ಇಳಿಜಾರಿಗೋ, ಕಡಿದು ನಿಂತ ದರೆಗೋ, ಅಡಕೆ ತೋಟದ ಸುತ್ತ ಅಗಳು ತೋಡಿ ಒಟ್ಟಿದ ಮಣ್ಣಿನ ದಿಬ್ಬಕ್ಕೋ ಹೋಗಿ ಹುಗಿಯುವಂತಹ ತಾವು ದೊರೆತರೆ ಅಲ್ಲಿ ಒಂದು ಬಿಲ್ಲು. ದೊರೆಯದಿದ್ದರೆ, ಆ ಕಂಡಿಯಲ್ಲಿ ಎಷ್ಟೇ ಮಿಗ ದಾಟಲಿ, ಅಲ್ಲಿ ಬರಿಗೈಯ ಒಬ್ಬನನ್ನು ನಿಲ್ಲಿಸಿ ಮಿಗವನ್ನು ಬೇರೆಡೆಗೆ ತಿರುಗಿಸುತ್ತಿದ್ದರೇ ಹೊರತು ಕೋವಿಯವನನ್ನು ನಿಲ್ಲಿಸುತ್ತಿರಲಿಲ್ಲ. ಪಕ್ಕದ ಬಿಲ್ಲಿನ ದಿಕ್ಕಿಗೆ ಕೋವಿ ತಿರುಗಕೂಡದು. ಹಳುವಿನವರ ಕೂಗು ಸಮೀಪಿಸಿತೆಂದರೆ, ಮಿಗ ಸಾಲನ್ನು ದಾಟಿ ಹಿಂದಕ್ಕೆ ಹೋದ ಮೇಲಲ್ಲದೆ ಈಡು ಹೊಡೆಯಕೂಡದು. ಬೇಟೆ ಮುಗಿಯಿತೆಂಬ ಕರೆ ಬರುವವರೆಗೆ ನಿಂತ ತಾವನ್ನು ಬಿಡಕೂಡದು. ಇವನ್ನು ಮೀರಿದವನಿಗೆ ಮರುಬೇಟೆಯಲ್ಲಿ ಬಿಲ್ಲು ಸಿಕ್ಕುತ್ತಿರಲಿಲ್ಲ. ಅವನು ಎಂತಹ ಮನೆತನದವನಾಗಿದ್ದರೂ ಹಳುವಿನವರೊಡನೆ ಕೂಗುತ್ತ ಬರಬೇಕಾಗುತ್ತಿತ್ತು.

ನನಗೆ ಕೋವಿ ಹಿಡಿಯಲು ಕಲಿಸಿದ ದಿನಗಳಲ್ಲಿ ದೊಡ್ಡಯ್ಯ ಸಂಜೆಯ ಹೊತ್ತು ಗದ್ದೆಯಂಚಿಗೆ ಕರೆದೊಯ್ದು, ಮದ್ದು ತುಂಬದ ಬರಿಗೋವಿಯನ್ನು ಕೈಗಿತ್ತು, ಮೇಯಲು ಇಳಿದ ಮಿಗವನ್ನು ತೋರಿಸುತ್ತಿದ್ದರು.

“ಮಿಗ ಕಂಡ್ತೇನೋ, ತಮ್ಮಾ?”

“ಕಂಡ್ತು, ದೊಡ್ಡಯ್ಯ.”

“ಅದರ ಹಿಂದೆ ಏನು ಕಂಡ್ತು?”

“ಹಳು.”

“ಹಳು ನಿನ್ನ ಕಣ್ಣನ್ನ ತಡೀತದೆ, ಗುಂಡನ್ನ ತಡೀತದೇನೋ?”

ಈ ಪ್ರಶ್ನೆಯ ಹಿಂದೆ ಅವರ ವಿದ್ಯೆಯೆಲ್ಲವೂ ಇದ್ದಿತು. ಪೊದೆಯಾಗಲಿ, ಬಿದಿರ ಮೆಳೆಯಾಗಲಿ, ಮರದ ಬೊಡ್ಡೆಯಾಗಲಿ ಗುಂಡಿಗೆ ಅಡ್ಡವೆಂದು ಅವರು ಒಪ್ಪುತ್ತಿರಲಿಲ್ಲ. ಮಿಗದ ಮೈಯನ್ನೇ ತೂರಿ ಗುಂಡು ಆಚೆಗೆ ಹೋಗಬಲ್ಲುದು, ಸಣ್ಣ ಕೊಂಬೆಯೊಂದು ತಗುಲಿದರೂ ದಾರಿ ತಪ್ಪಬಲ್ಲುದು. ಜಂಬಿಟ್ಟಿಗೆ ಕಲ್ಲಿನ ನೆಲಕ್ಕೂ, ನೀರು ನಿಂತ ಗದ್ದೆಗೂ ಅವರು ಬಹಳ ಅಂಜುತ್ತಿದ್ದರು, ಏಕೆಂದರೆ ಓರೆಯಾಗಿ ಬಿದ್ದ ಗುಂಡು ಕೆರೆಯ ಮೇಲೆ ಎಸೆದ ಬಿಲ್ಲೆಗಲ್ಲಿನಂತೆ ಪುಟಿದು ಯಾವ ಕಡೆಗೆ ಹಾರೀತೆಂದು ಹೇಳುವವರಿಲ್ಲ. ಮೆತ್ತನೆಯ ಮಣ್ಣು, ಅದೂ ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಮಣ್ಣು, ಒಂದೇ ಅವರಿಗೆ ಸಮ್ಮತ. ಮರಸು ಕೂರುವ ಬೇಟೆಯನ್ನು ಅವರು ಮೆಚ್ಚುತ್ತಿದ್ದುದಕ್ಕೂ ಕಾರಣವಿದೇ: ಹಣ್ಣುದುರುವ ಮರದ ಮೇಲಿನ ಅಟ್ಟಣೆಯಿಂದ ಹೊಡೆದ ಈಡು ಕೆಳಮುಖವಾಗಿ ನೇರ ನೆಲವನ್ನೇ ಸೇರುತ್ತದೆ.

ಒಂದು ಮುಂಜಾನೆ, ಕೊಂಬು ಹೊತ್ತ ಹಿರಿಯ ಕಡವೆಯೊಂದು ನಮ್ಮೆದುರಿನ ಬೋಳುಗುಡ್ಡದ ನೆತ್ತಿಯ ಮೇಲೆ, ಆಕಾಶಕ್ಕೆ ಎದೆಯೊಡ್ಡಿ, ಬಹಳ ಹೊತ್ತು ನಿಂತಿದ್ದಿತು. ದೊಡ್ಡಯ್ಯನ ಕೈಯಲ್ಲಿ ತುಂಬಿದ ಜೋಡುನಳಿಗೆಯಿದ್ದೂ ಅವರು ಅದನ್ನು ಎತ್ತಲಿಲ್ಲ. ಗುಡ್ಡದ ಆಚೆಯ ಮಗ್ಗುಲಲ್ಲಿ ದನ ಕಾಯುವ ಹುಡುಗರು ಇರುವ ಹೊತ್ತೆಂದು ಮಾತ್ರ ಹೇಳಿದರು. ದೂರದ ಸ್ಕಾಟ್‌ಲೆಂಡಿನ ಗುಡ್ಡಗಳಲ್ಲಿ ಜಿಂಕೆಯನ್ನು ಹೊಂಚುವುದನ್ನೇ ವೃತ್ತಿಯಾಗಿ ಉಳ್ಳವರು ಕೂಡ ದಿಗಂತದ ಮೇಲೆ ನಿಂತ ಮಿಗಕ್ಕೆ ಗುಂಡು ಹಾರಿಸಕೂಡದೆಂಬ ನಿಯಮವನ್ನು ಪಾಲಿಸುವರೆಂದು ಎಷ್ಟೋ ವರ್ಷಗಳ ಅನಂತರ ಓದಿದಾಗ, ಓದುಬರಹವಿಲ್ಲದ ನಮ್ಮ ಹಿರಿಯರ ವಿಷಯದಲ್ಲಿ ನನಗೆ ಗೌರವ ಇಮ್ಮಡಿಯಾಯಿತು.

ಕಾಲಕ್ರಮದಲ್ಲಿ ಕೇಪಿನ ಕೋವಿಯ ಸ್ಥಾನಕ್ಕೆ ತೋಟಾ ಕೋವಿಯೂ, ಉಳ್ಳವರ ಮನೆಗಳಿಗೆ 315ರ ರೈಫಲ್ಲೂ ಬಂದವು. ಎಲ್.ಜಿ. ತೋಟಾದ ಚರೆ 40 ಗಜದಾಚೆ ಮಿಗವನ್ನು ಸರಿಯಾಗಿ ಕೊಲ್ಲಲಾರದಾದರೂ ಅದರ ಬಿಡಿಕಾಳು ಹಲವು ನೂರು ಗಜ ಹಾರಬಲ್ಲುದು. ರೈಫಲ್ಲಿನ ಗುಂಡಾದರೋ ಅದಕ್ಕಿಂತಲೂ ಎಷ್ಟೋ ದೂರ ಹೋದೀತು. ಆಯುಧದ ಶಕ್ತಿ ಹೆಚ್ಚಿದಷ್ಟೂ ಹಿಂದಣ ನೆಲವನ್ನು ನೋಡುವ ಎಚ್ಚರ ಹೆಚ್ಚಬೇಕಾಗಿದ್ದಿತು. ಆದುದು ವಿಪರೀತ. ಹಣೆಗೆ ಬ್ಯಾಟರಿ ದೀಪ ಕಟ್ಟಿಕೊಂಡವರೂ, ಜೀಪಿನಲ್ಲಿ ಕುಳಿತವರೂ ಇರುಳಿನಲ್ಲಿ ಬೇಟೆಗೆ ಹೊರಟರು. ಆ ಬೆಳಕಿನಲ್ಲಿ ಕಾಣುವುದು ಹೊಳೆಯುವ ಎರಡು ಕಣ್ಣು. ಅದರಾಚೆಗೆ ದರೆಯಿದೆಯೋ, ಕಾಲುದಾರಿಯಿದೆಯೋ, ಕೂಲಿಯವರ ಬಿಡಾರವಿದೆಯೋ, ಯಾವುದೂ ತಿಳಿಯದು. ಕೊಟ್ಟಿಗೆ ಸೇರದ ದನಗಳು ಸತ್ತವು. ನೆರೆಯೂರಿನಲ್ಲಿ ಗದ್ದೆ ಕಾಯಲು ಮಾಳದಲ್ಲಿ ಮಲಗಿದ್ದವನೊಬ್ಬನು, ತನಗೂ ಆ ಬೇಟೆಗೂ ಯಾವ ಸಂಬಂಧವೂ ಇಲ್ಲದಿದ್ದರೂ, ಮಿಗಕ್ಕೆ ತಪ್ಪಿದ ಗುಂಡಿಗೆ ಪ್ರಾಣ ತೆತ್ತನು. ಅವನ ಹೆಂಡತಿಯ ಗೋಳನ್ನು ಕೇಳಿದ ಮೇಲೆ ದೊಡ್ಡಯ್ಯ ಯಾವ ಬೇಟೆಗೂ ಹೋಗಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಬೇಟೆಯ ಯುಗ ಮುಗಿಯಿತು. ಬೇಟೆಯೊಡನೆ ಬಿಲ್ಲನ್ನು ಹಂಚುವ ಹಿರಿಯನೂ, ಗದ್ದೆಯಂಚಿನ ಆ ಪ್ರಶ್ನೋತ್ತರವೂ ಮುಗಿದವು. ಬೆಳೆ ರಕ್ಷಣೆಯ ಪರವಾನಗಿಯುಳ್ಳ ಕೋವಿಗಳು ಮಾತ್ರ ಮನೆಮನೆಯ ಗೋಡೆಯಲ್ಲಿ ಇಂದಿಗೂ ಇವೆ. 2016ರ ಆಯುಧ ನಿಯಮಗಳು ಪರವಾನಗಿ ಕೋರುವವನಿಗೆ ಸುರಕ್ಷತೆಯ ತರಬೇತಿಯನ್ನು ವಿಧಿಸಿರುವುದು ಸ್ತುತ್ಯವೇ. ಆದರೆ ನಿಮ್ಮ ಗದ್ದೆಯ ಹಿಂದೆ ಏನಿದೆಯೆಂಬುದನ್ನು ಯಾವ ತರಬೇತಿಯೂ ತಿಳಿಸಲಾರದು. ನಾನು ಬಲ್ಲ ಎಷ್ಟೋ ಹಕ್ಕಲುಗಳಲ್ಲಿ ಇಂದು ಮನೆಗಳೆದ್ದಿವೆ, ಎಷ್ಟೋ ದರೆಗಳನ್ನು ಕಡಿದು ರಸ್ತೆ ಮಾಡಿದ್ದಾರೆ. ಕೋವಿಯಿರುವ ಮನೆಯವರಲ್ಲಿ ನನ್ನ ಪ್ರಾರ್ಥನೆಯಿಷ್ಟೇ: ಹಂದಿಯನ್ನು ಬೆದರಿಸಲು ಆಕಾಶಕ್ಕೆ ಹಾರಿಸಿದ ಗುಂಡೂ ಎಲ್ಲಿಯಾದರೂ ಇಳಿಯಲೇಬೇಕಷ್ಟೆ, ಆದುದರಿಂದ ಮಗನ ಕೈಗೆ ಕೋವಿ ಕೊಡುವ ಮುನ್ನ ಹಗಲಿನಲ್ಲಿ ಅವನೊಡನೆ ನಿಮ್ಮ ಜಮೀನನ್ನೊಮ್ಮೆ ಸುತ್ತಿ, ಯಾವುದು ಮಣ್ಣು, ಯಾವುದು ಬರಿಯ ಹಸಿರು ಎಂಬುದನ್ನು ತೋರಿಸಿಕೊಡಿ, ಇರುಳಿನಲ್ಲಿ, ಪೈರು ಹೋದರೂ ಹೋಗಲಿ, ಹಿಂದಣ ನೆಲ ಕಾಣದೆ ಕೋವಿಯನ್ನು ಎತ್ತಬೇಡಿ.