ಚಿತ್ರಸಂತೆಗೆ ಹೊರಟ ಪಟ್ಟಾಭಿಷೇಕ

ಚಿತ್ರಸಂತೆಯ ದಿನ ಬೆಂಗಳೂರಿನ ಕುಮಾರಕೃಪಾ ರಸ್ತೆಗೆ ಹೋದವರಿಗೆ ಅಲ್ಲಿನ ಜಾತ್ರೆ ಗೊತ್ತು. ವಾಹನ ನಿಲ್ಲಿಸಿಬಿಡುತ್ತಾರೆ. ರಸ್ತೆಯ ಉದ್ದಕ್ಕೂ ಚಿತ್ರಗಳು, ನಡುವೆ ಜನವೋ ಜನ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರು ಮಾಡಿದ ಸಂತೆ ಅದು. ಗ್ಯಾಲರಿಯ ಬಾಗಿಲಲ್ಲಿ ಹಿಂಜರಿಯುವವರು ಕೂಡ ಅಲ್ಲಿ ಕಡಲೆಕಾಯಿ ತಿನ್ನುತ್ತ ಚಿತ್ರ ನೋಡುತ್ತಾರೆ, ಬೆಲೆ ಕೇಳುತ್ತಾರೆ. ನಾನು ಹೇಳಹೊರಟಿರುವುದು ಚಿತ್ರದ ಈಚೆ ನಿಂತು ನೋಡಿದವರ ಕತೆಯಲ್ಲ, ಆಚೆ ಕೂತವರದು. ನನ್ನ ಸೋದರತ್ತೆಯದು.

ಅತ್ತೆ ಮೈಸೂರಿನವರು. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಬರೆಯುತ್ತಿದ್ದರು. ಮಕ್ಕಳು ದೊಡ್ಡವರಾದ ಮೇಲೆ ಕಲಿತ ವಿದ್ಯೆ. ಕೈ ಪಳಗಿತು ಎನ್ನುವ ಹೊತ್ತಿಗೇ ಬೆರಳಿನ ಗೆಣ್ಣುಗಳು ಊದಿಕೊಳ್ಳತೊಡಗಿದವು. ತಣ್ಣೀರಿನ ಕೆಲಸ ಜಾಸ್ತಿಯಾಯಿತು, ವಯಸ್ಸಾಯಿತು ಎಂದು ಸ್ವಲ್ಪ ಕಾಲ ತಳ್ಳಿದರು. ರಕ್ತ ಪರೀಕ್ಷೆ ಮಾಡಿಸಿದ ಮೇಲೆ ಡಾಕ್ಟರು ರುಮಟಾಯ್ಡ್ ಆರ್ಥ್ರೈಟಿಸ್ ಅಂದರು. ವಯಸ್ಸಾದಂತೆ ಮಂಡಿ ಸವೆಯುವ ಕಾಯಿಲೆ ಬೇರೆ, ಇದು ಬೇರೆ. ರೋಗವನ್ನು ತಡೆಯಬೇಕಾದ ಶಕ್ತಿಯೇ ತಿರುಗಿಬಿದ್ದು ಸ್ವಂತ ಕೀಲುಗಳ ಒಳಪೊರೆಯನ್ನು ತಿನ್ನುತ್ತದೆ. ಸಾಮಾನ್ಯವಾಗಿ ಕೈಕಾಲುಗಳ ಸಣ್ಣ ಕೀಲುಗಳಿಂದಲೇ ಶುರು, ಅದೂ ಎರಡೂ ಕಡೆ ಒಟ್ಟಿಗೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ, ಬಿಗಿತ ಬಿಡಲು ಗಂಟೆಗಟ್ಟಲೆ ಬೇಕು. ಅದರ ಜೊತೆಗೊಂದು ಸುಸ್ತು. ನಿದ್ದೆ ಮಾಡಿದರೂ ಹೋಗದ ಆ ಸುಸ್ತನ್ನು ನೆಂಟರಿಷ್ಟರಿಗೆ ವಿವರಿಸುವುದೇ ಅವರಿಗೆ ನೋವಿಗಿಂತ ದೊಡ್ಡ ಕಷ್ಟವಾಗಿತ್ತು. ಊದಿದ ಬೆರಳು ಕಣ್ಣಿಗೆ ಕಾಣುತ್ತದೆ, ಸುಸ್ತು ಯಾರಿಗೆ ಕಾಣಬೇಕು?

ಇನ್ನು ಮೈಸೂರು ಚಿತ್ರದ ಕೆಲಸ ಎಂಥದ್ದು ಎಂದು ಹೇಳದಿದ್ದರೆ ಈ ಕತೆ ಅರ್ಥವಾಗುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅರಳಿದ ಕಲೆ ಅದು, 2005ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ತಂಜಾವೂರು ಚಿತ್ರದಲ್ಲಿ ಒಡವೆ ದಪ್ಪಗೆ ಎದ್ದು ಕಾಣುತ್ತದೆ, ಕಲ್ಲು ಗಾಜು ಕೂರಿಸಿರುತ್ತಾರೆ. ನಮ್ಮಲ್ಲಿ ಉಬ್ಬು ತೀರ ತೆಳು. ಬಿಳಿ ಪುಡಿಯನ್ನು ಗೋಂದಿನ ಜೊತೆ ನುಣ್ಣಗೆ ಅರೆದು, ಅದರಲ್ಲಿ ಕಿರೀಟ, ಹಾರ, ಸೀರೆಯ ಅಂಚನ್ನು ಕುಂಚದ ತುದಿಯಿಂದ ಎತ್ತಿ ಕೂರಿಸಬೇಕು. ಹಿಂದಿನವರು ಬಳಸುತ್ತಿದ್ದ ಸಫೇದ ಸೀಸದ್ದು, ಅಂದರೆ ವಿಷ. ಅತ್ತೆ ಸತುವಿನ ಬಿಳಿ ಬಳಸುತ್ತಿದ್ದರು. ಉಬ್ಬಿನ ಮೇಲೆ ಅಂಟು ಸವರಿ, ಅದು ಪೂರ್ತಿ ಹಸಿಯೂ ಅಲ್ಲದ ಪೂರ್ತಿ ಒಣಗಿಯೂ ಇಲ್ಲದ ಹದಕ್ಕೆ ಬಂದಾಗ ಚಿನ್ನದ ರೇಕನ್ನು ಇಡಬೇಕು. ಫ್ಯಾನ್ ಹಾಕುವಂತಿಲ್ಲ, ಉಸಿರು ಬಿಗಿ ಹಿಡಿಯಬೇಕು. ಕೈ ನೋಯುತ್ತಿದೆ, ಆಮೇಲೆ ಮಾಡೋಣ ಎನ್ನಲಾಗುವುದಿಲ್ಲ. ಹದ ಕಾಯುವುದಿಲ್ಲ.

ಹಾಗಾಗಿ ಅತ್ತೆ ಕೈಗೆ ತಕ್ಕಂತೆ ದಿನವನ್ನೇ ಕತ್ತರಿಸಿ ಹೊಲಿದುಕೊಂಡರು. ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿ ಬೆರಳು ಬಿಡಿಸುವುದು. ಹತ್ತೂವರೆಯಿಂದ ಮಧ್ಯಾಹ್ನದ ಊಟದವರೆಗೆ ಚಿತ್ರ. ಸಂಜೆ ಏನಿದ್ದರೂ ನೋಡುವುದು, ಯೋಚಿಸುವುದು, ನಾಳೆಯ ಬಣ್ಣ ನನ್ನಿಂದ ಅರೆಸುವುದು. ಅಳಿಲು ಕೂದಲಿನ ಸಣ್ಣ ಕುಂಚದ ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ದಪ್ಪ ಮಾಡಿಕೊಂಡಿದ್ದರು. ಹಿಡಿ ದಪ್ಪವಿದ್ದಷ್ಟೂ ಬೆರಳು ಹಿಂಡುವುದು ಕಡಿಮೆ. ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ವಾರಕ್ಕೆ ಒಂದೇ ದಿನ. ಅಪ್ಪಿತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ, ಅದಕ್ಕೇ ಕ್ಯಾಲೆಂಡರಿನ ಶನಿವಾರಗಳಿಗೆಲ್ಲ ಕೆಂಪು ಸುತ್ತು ಹಾಕಿದ್ದರು. ಶನಿವಾರ ರಾತ್ರಿ ಮಾತ್ರೆ, ಭಾನುವಾರ ವಾಕರಿಕೆ, ಸೋಮವಾರ ಮತ್ತೆ ಕುಂಚ.

ಸಂತೆ ಬರುವುದು ಭಾನುವಾರ!

ಆ ವರ್ಷ ಅವರಿಗೆ ಸಂತೆಯಲ್ಲಿ ಜಾಗ ಸಿಕ್ಕಿತ್ತು. ಶ್ರೀರಾಮ ಪಟ್ಟಾಭಿಷೇಕ ಬರೆಯುತ್ತಿದ್ದರು. ರಾಮ, ಸೀತೆ, ತಮ್ಮಂದಿರು, ಹನುಮಂತ, ಋಷಿಗಳು, ಎಲ್ಲರಿಗೂ ಮುಖ ಬೇಕು, ಒಡವೆ ಬೇಕು. ಡಿಸೆಂಬರಿನ ಚಳಿ ಶುರುವಾಗುತ್ತಿದ್ದಂತೆ ಕಾಯಿಲೆ ಕೆರಳಿತು. ಬಲಗೈ ಮಣಿಕಟ್ಟು ಊದಿ ಕೂತಿತು. ಮುಖಗಳು ಮುಗಿದಿದ್ದವು, ರಾಮಸೀತೆಯರ ಚಿನ್ನವೂ ಮುಗಿದಿತ್ತು. ಮಂಟಪದ ಕಂಬಗಳು, ಸುತ್ತಲಿನ ಬಳ್ಳಿ ಉಳಿದಿದ್ದವು.

"ಇದನ್ನ ಬಿಟ್ಟು ಚಿಕ್ಕವು ನಾಕು ತಗೊಂಡು ಹೋಗಿ ಅತ್ತೆ," ಎಂದೆ.

"ಬಳ್ಳಿ ನೀನು ಎತ್ತು," ಅಂದರು. "ನಾನು ಪಕ್ಕದಲ್ಲಿ ಕೂತಿರ್ತೀನಿ."

ಬಣ್ಣ ಅರೆದು ಗೊತ್ತಿದ್ದ ನನಗೆ ಉಬ್ಬಿನ ಕೆಲಸ ಹೊಸದು. ಹಳೇ ರಟ್ಟಿನ ಮೇಲೆ ತೀಡಿ ತೀಡಿ ಅಭ್ಯಾಸ ಮಾಡಿಸಿದರು. ಆಮೇಲೆ ಚಿತ್ರದ ಮುಂದೆ ಕೂರಿಸಿದರು. ಎಡಗೈಯಲ್ಲಿ ಒಂದು ಕಡ್ಡಿ ಹಿಡಿದು, "ಇಲ್ಲಿ ತೆಳು, ಇಲ್ಲಿ ತಿರುವು, ನಿಲ್ಲಿಸಬೇಡ, ನಿಲ್ಲಿಸಬೇಡ" ಎಂದು ತೋರಿಸುತ್ತಿದ್ದರು. ವರ್ಷಗಳ ನಂತರ ಫ್ರಾನ್ಸಿನ ಕಲಾವಿದ ರೆನ್ವಾರ್ ಬಗ್ಗೆ ಓದುವಾಗ ಆ ಕಡ್ಡಿ ಕಣ್ಣಿಗೆ ಕಟ್ಟಿತು. ಅವರಿಗೂ ಇದೇ ಕಾಯಿಲೆ. 1907ರಲ್ಲಿ ಬೆಚ್ಚನೆಯ ತೆಂಕಣ ಕರಾವಳಿಯ ಕಾನ್ಯ ಎಂಬ ಊರಿನಲ್ಲಿ ಜಮೀನು ಕೊಂಡು ಅಲ್ಲೇ ನೆಲೆಸಿದರು, 1919ರಲ್ಲಿ ಸಾಯುವವರೆಗೂ ಚಿತ್ರ ಬಿಡಲಿಲ್ಲ. ಕುಂಚವನ್ನು ಅವರ ಕೈಗೆ ಕಟ್ಟುತ್ತಿದ್ದರು ಎಂಬ ಕತೆ ಲೋಕಪ್ರಸಿದ್ಧ. ಆದರೆ ಬಟ್ಟೆ ಸುತ್ತುತ್ತಿದ್ದದ್ದು ಮಡಚಿಹೋದ ಕೈಯ ಚರ್ಮ ಗಾಯವಾಗದಿರಲಿ ಎಂದು. ಕುಂಚವನ್ನು ಬೇರೆಯವರು ಬೆರಳ ಸಂದಿಗೆ ಇಡುತ್ತಿದ್ದರು, ಹಿಡಿಯುತ್ತಿದ್ದದ್ದು ಅವರೇ. ಶಿಲ್ಪ ಮಾಡಲು ಮಾತ್ರ ಗಿನೋ ಎಂಬ ಯುವಕನ ಕೈ ಬೇಕಾಯಿತು. ಆ ಶಿಲ್ಪಗಳಿಗೆ ಗಿನೋ ಕೂಡ ಕರ್ತೃ ಎಂದು ಫ್ರಾನ್ಸಿನ ನ್ಯಾಯಾಲಯ ಅಂತಿಮವಾಗಿ ಒಪ್ಪಿದ್ದು 1973ರಲ್ಲಿ. ನಮ್ಮತ್ತೆ ಯಾವ ನ್ಯಾಯಾಲಯಕ್ಕೂ ಕಾಯಲಿಲ್ಲ. ಹಲಗೆಯ ಹಿಂದೆ ತಮ್ಮ ಹೆಸರಿನ ಕೆಳಗೆ, ಬಳ್ಳಿಯ ಕೆಲಸ ಇಂಥವಳದು ಎಂದು ನನ್ನ ಹೆಸರು ಬರೆಸಿದರು. ಬರೆದವಳೂ ನಾನೇ, ಅವರಿಗೆ ಪೆನ್ನು ಹಿಡಿಯಲಾಗುತ್ತಿರಲಿಲ್ಲ.

ಮಾತ್ರೆಯ ವಿಷಯ ಡಾಕ್ಟರನ್ನೇ ಕೇಳಿದರು. ಆ ವಾರದ ಮಟ್ಟಿಗೆ ಸೋಮವಾರ ತಗೊಳ್ಳಿ, ಪರವಾಗಿಲ್ಲ ಎಂದು ಅವರು ಒಪ್ಪಿದರು. ಶನಿವಾರವೇ ಬೆಂಗಳೂರಿಗೆ ಬಂದು ಶೇಷಾದ್ರಿಪುರದ ನೆಂಟರ ಮನೆಯಲ್ಲಿ ಉಳಿದೆವು. ರಾತ್ರಿ ಅಲಾರಂ ಇಡುವಾಗ, "ನಾಲ್ಕಕ್ಕೆ ಇಡು. ಎಂಟಕ್ಕೆ ಕೈ ಏಳಬೇಕು ಅಂದ್ರೆ ನಾನು ನಾಲ್ಕಕ್ಕೆ ಏಳಬೇಕು," ಎಂದರು. ಕತ್ತಲಲ್ಲೇ ಎದ್ದು ಬಕೆಟ್ಟಿನ ಬಿಸಿನೀರಿಗೆ ಕೈ ಬಿಟ್ಟುಕೊಂಡು ಕೂತರು. ಸೀರೆ ನಾನು ಉಡಿಸಿದೆ.

ನನಗೆ ಇವತ್ತಿಗೂ ಅನ್ನಿಸುವುದು ಇದು: ಚಿತ್ರ ಬರೆಯುವುದಕ್ಕೆ ಅತ್ತೆ ಒಂದು ದಾರಿ ಕಂಡುಕೊಂಡಿದ್ದರು, ಪ್ರದರ್ಶನಕ್ಕೆ ಅಂಥ ದಾರಿಯೇ ಇರಲಿಲ್ಲ. ಮನೆಯಲ್ಲಿ ಹೊತ್ತು ಅವರದು. ಸಂತೆಯಲ್ಲಿ ಹೊತ್ತು ಜನರದು. ವಾಹನ ಬಿಡದ ರಸ್ತೆಯಲ್ಲಿ ಚಿತ್ರ ಹೊತ್ತು ನಡೆಯಬೇಕು, ಬೆಳಗಿನಿಂದ ಸಂಜೆವರೆಗೆ ಬಿಸಿಲಲ್ಲಿರಬೇಕು, ಶೌಚಾಲಯಕ್ಕೆ ಜನಸಾಗರ ದಾಟಬೇಕು, ನೂರು ಸಲ ಅದೇ ಮಾತು ಹೇಳಬೇಕು. ಕಲಾವಿದ ಎಂದರೆ ಗಟ್ಟಿಮುಟ್ಟಾದ ಮೈ ಎಂದು ಯಾರೋ ಮೊದಲೇ ತೀರ್ಮಾನ ಮಾಡಿಟ್ಟ ಹಾಗೆ. ಮಡಚುವ ಕುರ್ಚಿ, ಫ್ಲಾಸ್ಕಿನ ಬಿಸಿನೀರು, ಮೊಸರನ್ನ ನಾವೇ ಒಯ್ದಿದ್ದೆವು.

ಹನ್ನೊಂದರ ಸುಮಾರಿಗೆ ಒಬ್ಬರು ಬಂದರು, ಒಳ್ಳೆಯ ಮನುಷ್ಯರು. ಮಾತಾಡುತ್ತ ಅತ್ತೆಯ ಕೈ ನೋಡಿದರು. "ಅಮ್ಮಾ, ಈ ಕೈಯಲ್ಲಿ ಮಾಡಿದ್ರಾ!" ಎಂದು ಬೆಲೆಯನ್ನೂ ಕೇಳದೆ ಪರ್ಸ್ ತೆಗೆದರು.

ಅತ್ತೆ ಕೈಯನ್ನು ಶಾಲಿನೊಳಗೆ ಎಳೆದುಕೊಂಡರು. "ಸ್ವಾಮಿ, ಒಂದ್ ನಿಮಿಷ ಚಿತ್ರ ನೋಡಿ. ಸೀತಮ್ಮನ ಮುಖ ನಿಮಗೆ ಹಿಡಿಸಿದ್ರೆ ಆಮೇಲೆ ಮಾತಾಡೋಣ."

ಅವರು ನೋಡಿದರು, ನಿಜಕ್ಕೂ ನೋಡಿದರು. ಆಮೇಲೆ, ಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಕೈಮುಗಿದು ಹೋದರು. ಮತ್ತೆ ಬರಲಿಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟ, ಅತ್ತೆಗೆ ಏನೂ ಇಲ್ಲ.

ಮಧ್ಯಾಹ್ನದ ಮೇಲೆ ಇಳಿವಯಸ್ಸಿನ ಹೆಂಗಸೊಬ್ಬರು ಮಗಳ ಜೊತೆ ಬಂದು ಚಿತ್ರದ ಮುಂದೆ ನಿಂತೇ ಬಿಟ್ಟರು. ಕೈಯ ಕಡೆ ಕಣ್ಣೇ ಹಾಯಿಸಲಿಲ್ಲ. ಹನುಮಂತನ ಮುಖದಲ್ಲಿ ಭಕ್ತಿ ಸರಿಯಾಗಿ ಬಂದಿದೆ ಎಂದರು. ಮಂಟಪದ ಎಡಗಂಬ ಸ್ವಲ್ಪ ಸೊರಗಿದೆ ಎಂದರು, ಸರಿಯಾಗಿಯೇ ಹಿಡಿದಿದ್ದರು. ಆಮೇಲೆ ಶುರುವಾಯಿತು ಚೌಕಾಸಿ. ಅತ್ತೆ ಒಂದು ಮೆಟ್ಟಿಲು ಇಳಿದರೆ ಅವರು ಒಂದು ಮೆಟ್ಟಿಲು ಹತ್ತುವುದು. ಚಿನ್ನದ ರೇಕಿನ ಬೆಲೆ, ಅಪ್ಪಟವೋ ಅಲ್ಲವೋ, ಚೌಕಟ್ಟು ಯಾರದು, ಎಲ್ಲವೂ ಬಂತು. ಅತ್ತೆಯ ಮುಖ ಅಷ್ಟು ಹೊಳೆದದ್ದನ್ನು ನಾನು ಆ ಚಳಿಗಾಲದಲ್ಲಿ ನೋಡಿರಲಿಲ್ಲ. ಕೊನೆಗೆ ಅತ್ತೆ ಬಯಸಿದ್ದಕ್ಕಿಂತ ಸ್ವಲ್ಪ ಕಡಿಮೆಗೆ ಪಟ್ಟಾಭಿಷೇಕ ಅವರದಾಯಿತು. ಹಲಗೆ ತಿರುಗಿಸಿ ನನ್ನ ಹೆಸರನ್ನೂ ತೋರಿಸಿದರು ಅತ್ತೆ. "ಬಳ್ಳಿ ಇವಳದು. ಕಂಬ ಸೊರಗಿದ್ದು ನನ್ನದು."

ಸೋಮವಾರ ಮಾತ್ರೆ ನುಂಗಿ ಮಲಗಿದವರು ಆ ವಾರವೆಲ್ಲ ಹಾಸಿಗೆಯಲ್ಲೇ ಇದ್ದರು. ಮಣಿಕಟ್ಟಿಗೆ ಪಟ್ಟಿ, ಜ್ವರದಂಥ ಮೈ. ಅವರ ಮಗ ಫೋನಿನಲ್ಲಿ, ಇಷ್ಟೆಲ್ಲ ಯಾಕಮ್ಮ, ಬೇಕಾ ಇದು ಎಂದು ಕೇಳುತ್ತಿದ್ದ. ಅವನ ಕಳಕಳಿಯಲ್ಲಿ ತಪ್ಪೇನಿರಲಿಲ್ಲ. ಅತ್ತೆ ಅವನ ಮಾತು ಪೂರ್ತಿ ಕೇಳಿಸಿಕೊಂಡು, ಮುಂದಿನ ಸಲ ದೊಡ್ಡದು ಬರೆಯುವುದಿಲ್ಲ ಕಣೋ, ಸುಲಭವಾಗಿ ಹೊರುವ ಹಾಗೆ ಅಂಗೈಯಗಲದ ಸರಸ್ವತಿಯರನ್ನು ಬರೆಯುತ್ತೇನೆ, ಮಳೆಗಾಲ ಮುಗಿಯುವುದರೊಳಗೆ ಚಿನ್ನದ ಕೆಲಸ ಮುಗಿಸಿಬಿಟ್ಟರೆ ಚಳಿಗೆ ಬರೀ ಬಣ್ಣ ಉಳಿಯುತ್ತದೆ ಎಂದು ಲೆಕ್ಕ ಹೇಳತೊಡಗಿದರು. ಫೋನ್ ಹಿಡಿದುಕೊಂಡು ನಿಂತಿದ್ದ ನನಗೆ, ಅಷ್ಟಕ್ಕೂ ಎಷ್ಟು ಹಲಗೆ ಬೇಕು ಎಂದು ಬರೆದುಕೊಳ್ಳಲು ಸನ್ನೆ ಮಾಡಿದರು.