ಎರಡು ದಿನದ ಹೈದರಾಬಾದು

ಕಲಬುರಗಿಯವರಾದ ನಮಗೆ ಹೈದರಾಬಾದು ಅಪರಿಚಿತ ಊರಲ್ಲ. 1956ರವರೆಗೆ ನಮ್ಮ ಜಿಲ್ಲೆ ಹೈದರಾಬಾದು ರಾಜ್ಯಕ್ಕೇ ಸೇರಿತ್ತು. ನಮ್ಮ ತಂದೆಯವರು ಅರಿವೆ ವ್ಯಾಪಾರದ ನಿಮಿತ್ತ ಅಲ್ಲಿಗೆ ಹೋಗಿಬಂದಾಗಲೆಲ್ಲ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಗಡಿಯಾರವನ್ನು ವರ್ಣಿಸುತ್ತಿದ್ದರು. ಆದರೆ ತಾಯಿಯವರನ್ನು ಕರೆದೊಯ್ಯುವುದು ಅವರ ಕಾಲದಲ್ಲಿ ಕೂಡಿಬರಲಿಲ್ಲ. ತಾಯಿಯವರಿಗೀಗ ಎಂಬತ್ತು ಸಮೀಪಿಸಿದೆ. ಮೊಣಕಾಲ ನೋವು ಬೇರೆ. ಹೀಗಾಗಿ ಎರಡೇ ದಿನಗಳ ಪ್ರವಾಸಕ್ಕೆ ನಾವು ಒಂದು ವಾರ ವಿಚಾರಮಾಡಬೇಕಾಯಿತು.

ಮೊದಲು ಗುರುವಾರ, ಶುಕ್ರವಾರಗಳೆಂದು ಗೊತ್ತುಮಾಡಿದ್ದೆವು. ಗುರುವಾರ ಗೋಲ್ಕೊಂಡ, ಮರುದಿನ ವಸ್ತುಸಂಗ್ರಹಾಲಯ. ಅದಕ್ಕೆ ಶುಕ್ರವಾರವೇ ರಜೆಯೆಂದು ತಿಳಿದದ್ದು ಆಮೇಲೆ! ತಾಯಿಯವರನ್ನು ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸುತ್ತಿದ್ದೆವಲ್ಲ ಎಂದು ನೆನೆದು ಮೈ ಬೆವರಿತು. ಶನಿವಾರ, ರವಿವಾರಗಳಿಗೆ ಬದಲಾಯಿಸಿ, ಗಡಿಯಾರವನ್ನೇ ಮೊದಲಿಗಿಟ್ಟೆವು.

1591ರ ಚಾರ್‌ಮಿನಾರನ್ನು ಕೆಳಗಿನಿಂದಲೇ ನೋಡುವುದೆಂದಾಯಿತು. ಗೋಲ್ಕೊಂಡದ ಮೆಟ್ಟಿಲುಗಳ ವಿಷಯದಲ್ಲಿ ಮಾತ್ರ ಮನೆಯಲ್ಲಿ ವಾದವೇ ನಡೆಯಿತು. ಅಜ್ಜಿಯನ್ನು ಬಿಟ್ಟು ಹತ್ತುವುದಿಲ್ಲವೆಂದು ಮಕ್ಕಳು ಹಟ ಹಿಡಿದವು. ಕೆಳಗಿನ ದ್ವಾರದ ಗುಮ್ಮಟದಡಿ ತಟ್ಟಿದ ಚಪ್ಪಾಳೆ ಬೆಟ್ಟದ ಮೇಲಿನ ಬಾಲಾ ಹಿಸಾರಿನಲ್ಲಿ ಕೇಳಿಸುತ್ತದೆಂಬುದೇ ಪರಿಹಾರವಾಯಿತು. ಅಜ್ಜಿ ಕೆಳಗೆ ಚಪ್ಪಾಳೆ ತಟ್ಟಬೇಕು, ಮೊಮ್ಮಕ್ಕಳು ಮೇಲೆ ಆಲಿಸಬೇಕು.

ಹೊರಡುವ ವಾಚಕರಿಗೊಂದು ಸೂಚನೆ. ಗಡಿಯಾರದ ಮುಂದೆ ಮಧ್ಯಾಹ್ನ ಹನ್ನೆರಡಕ್ಕೆ ಮುಂಚೆಯೇ ಸ್ಥಳ ಹಿಡಿದು ಕುಳಿತಿರಿ. ಪುಟ್ಟ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸುವುದನ್ನು ಹೆಚ್ಚು ಹೊತ್ತು ಕಾಣುವುದು ಆಗಲೇ. ತಾಯಿಯವರು ಬೆರಳು ಮಡಿಚಿ ಹನ್ನೆರಡನ್ನೂ ಎಣಿಸಿದರು. ಜನ ಚದುರಿದರೂ ಏಳಲಿಲ್ಲ.

“ಇನ್ನೊಂದು ತಾಸು ಕೂಡೋಣೇನಪ್ಪ?” ಎಂದರು.